ಅಪ್ಪ ಕೊರೆದ ಹಿತ್ತಾಳೆ ತಟ್ಟೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಯಂತ್ರವಿತ್ತು. ಯಂತ್ರ ಎಂದಕೂಡಲೇ ಸ್ವಿಚ್ಚು ಎಲ್ಲಿ, ಚಾರ್ಜರ್ ಎಲ್ಲಿ ಎಂದು ಕೇಳಬೇಡಿ ಮಕ್ಕಳೇ. ಅದು ಅಂಗೈಗಿಂತ ತುಸು ದೊಡ್ಡದಾದ, ಗುಂಡಗಿನ ಹಿತ್ತಾಳೆ ಬಿಲ್ಲೆ. ಮೇಲೊಂದು ಉಂಗುರ. ಕೈಯಲ್ಲಿ ಹಿಡಿದರೆ ಭಾರ, ಬಿಟ್ಟ ಮೇಲೂ ಬೆರಳಿಗೆ ಹಿತ್ತಾಳೆಯ ವಾಸನೆ. ಇಂಗ್ಲಿಷಿನಲ್ಲಿ ಅದನ್ನು ಆಸ್ಟ್ರೋಲೇಬ್ ಎನ್ನುತ್ತಾರೆ, ಸಂಸ್ಕೃತದಲ್ಲಿ ಯಂತ್ರರಾಜ. ಅಪ್ಪ ಮಾತ್ರ ‘ಉಸ್ತುರ್ಲಾಬ್’ ಎನ್ನುತ್ತಿದ್ದ. ಅದನ್ನು ಅವನ ಅಜ್ಜನಿಗೆ ಕೊಟ್ಟ ವಿಜಾಪುರದ ವಯಸ್ಸಾದ ಮೌಲ್ವಿಯೊಬ್ಬರು ಹಾಗೆ ಕರೆಯುತ್ತಿದ್ದರಂತೆ. ಆ ಯಂತ್ರದ ವಿಷಯದಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಹೇಳಲು ಈಗಲೂ ನಾಚಿಕೆಯಾಗುತ್ತದೆ.

ನಾವು ವಿಜಾಪುರದ ಕಡೆಯವರು. ನನಗೆ ನಾಲ್ಕು ವರ್ಷವಿದ್ದಾಗ ಅಪ್ಪನಿಗೆ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಕೆಲಸ ಸಿಕ್ಕಿತು. ಮತ್ತಿಕೆರೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಇವತ್ತಿನ ಮತ್ತಿಕೆರೆಯನ್ನು ನೆನೆಸಿಕೊಳ್ಳಬೇಡಿ. ಆಗ ನಮ್ಮ ಹಿತ್ತಲಿನಿಂದಾಚೆ ರಾಗಿ ಹೊಲ, ಅದರಾಚೆ ಇಟ್ಟಿಗೆ ಗೂಡು, ಸಂಜೆಯಾದರೆ ಸುಟ್ಟ ಮಣ್ಣಿನ ವಾಸನೆ. ಅಪ್ಪ ಖಾಕಿ ಅಂಗಿಗೆ ಮೆಷಿನ್ ಎಣ್ಣೆಯ ಘಾಟು ಹೊತ್ತು ಬರುತ್ತಿದ್ದ. ಕೈಕಾಲು ತೊಳೆದು, ಜೋಳದ ರೊಟ್ಟಿ ತಿಂದು, ಬಟ್ಟೆಯ ಗಂಟು ಬಿಚ್ಚಿ ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ.

ಅದರಲ್ಲಿ ಮೂರು ಪದರಗಳಿದ್ದವು. ಕೆಳಗೆ ಅಂಚಿರುವ ಒಂದು ಬಟ್ಟಲು. ಅದರೊಳಗೆ ಕೂರುವ ತಟ್ಟೆ, ತಟ್ಟೆಯ ಮೇಲೆ ಬಳೆಯೊಳಗೆ ಬಳೆ ಇಟ್ಟಂತೆ ಗೆರೆಗಳು. ಅವು ಆಕಾಶದ ಎತ್ತರ ಹೇಳುವ ಗೆರೆಗಳು. ಎಲ್ಲಕ್ಕೂ ಮೇಲೆ ಜಾಲರಿ. ಅದರಲ್ಲಿ ಸೂರ್ಯ ಓಡಾಡುವ ದಾರಿಗೆ ಒಂದು ಬಳೆ, ರೋಹಿಣಿ, ಚಿತ್ತಾ, ಸ್ವಾತಿ ಎಂದು ಒಂದೊಂದು ನಕ್ಷತ್ರಕ್ಕೆ ಒಂದೊಂದು ಎಲೆಯ ತುದಿ. ಜಾಲರಿಯನ್ನು ತಿರುಗಿಸಿದರೆ ಆಕಾಶವೇ ತಿರುಗಿದ ಹಾಗೆ. ಮೂರನ್ನೂ ಬಿಗಿದು ಹಿಡಿಯಲು ನಡುವೆ ಒಂದು ಸಣ್ಣ ಬೆಣೆ. ಅದರ ತಲೆ ಕುದುರೆಯ ತಲೆಯಂತಿತ್ತು, ಹೆಸರೂ ಕುದುರೆಯೇ. ಕುದುರೆ ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತಿತ್ತು. ಬಿಚ್ಚಿ ಜೋಡಿಸುವುದು ನನಗೆ ಎಷ್ಟು ಚೆನ್ನಾಗಿ ಬರುತ್ತಿತ್ತು ಎಂದರೆ, ಬರದೇ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ.

“ಗಡಿಯಾರ ಇರಲಿಲ್ಲ, ದೂರದರ್ಶಕ ಇರಲಿಲ್ಲ, ಆವಾಗ ಜಗತ್ತಿನ ದೊಡ್ಡ ದೊಡ್ಡ ಪಂಡಿತರ ಕೈಯಾಗ ಇದ್ದದ್ದು ಇದಾ,” ಎನ್ನುತ್ತಿದ್ದ ಅಪ್ಪ. ಮೊದಲು ಇದರ ಲೆಕ್ಕ ಹಾಕಿದವರು ಗ್ರೀಕರು. ಅರಬ್ಬರು ಅದನ್ನು ತಿದ್ದಿ ತೀಡಿ, ನಮಾಜಿನ ಹೊತ್ತು ತಿಳಿಯಲು, ದಿಕ್ಕು ಹಿಡಿಯಲು, ನಕ್ಷತ್ರ ಅಳೆಯಲು ಬಳಸಿದರು. ಅವರಿಂದ ನಮ್ಮ ದೇಶಕ್ಕೆ ಬಂತು. ನಮ್ಮವರೂ ಇದನ್ನು ನೋಡಿ ಬೆರಗಾಗಿ, ಯಂತ್ರಗಳಿಗೆಲ್ಲ ರಾಜ ಎಂದು ಹೆಸರಿಟ್ಟು, ಸಂಸ್ಕೃತದಲ್ಲಿ ಪುಸ್ತಕ ಬರೆದರು. ಏಳನೇ ಇಯತ್ತೆ ದಾಟದ ಅಪ್ಪ ಇದನ್ನೆಲ್ಲ ಯಾರ್ಯಾರನ್ನೋ ಕೇಳಿ ತಿಳಿದಿದ್ದ.

ಆದರೆ ಮತ್ತಿಕೆರೆಗೆ ಬಂದ ಮೇಲೆ ಯಂತ್ರ ತಪ್ಪು ಹೇಳತೊಡಗಿತು. ಕಾರಣ ಆ ತಟ್ಟೆ. ತಟ್ಟೆಯ ಗೆರೆಗಳು ಒಂದು ಊರಿನ ಆಕಾಶಕ್ಕೆ ಮಾತ್ರ ಹೊಂದುತ್ತವೆ. ವಿಜಾಪುರಕ್ಕಿಂತ ಬೆಂಗಳೂರು ಬಹಳ ದಕ್ಷಿಣಕ್ಕಿದೆ, ಚಳಿಗಾಲದಲ್ಲಿ ಇಲ್ಲಿ ಸೂರ್ಯ ಅಲ್ಲಿಗಿಂತ ಎತ್ತರಕ್ಕೆ ಏರುತ್ತಾನೆ. “ಊರು ಬದಲಾದರ ತಟ್ಟಿ ಬದಲಾಗಬೇಕು, ತಮ್ಮಾ,” ಎಂದ ಅಪ್ಪ. ನಾನು ಗೋಲಿ ಎಣಿಸುತ್ತಾ ಹೂಂ ಎಂದೆ. ಕಿವಿಯಲ್ಲಿ ಬಿದ್ದದ್ದು ತಲೆಗೆ ಹೋಗಲಿಲ್ಲ.

ಅಪ್ಪ ಕಾರ್ಖಾನೆಯಲ್ಲಿ ಕೇಳಿಕೊಂಡು ಒಂದು ತುಂಡು ಹಿತ್ತಾಳೆ ತಗಡು ತಂದ. ಆರು ತಿಂಗಳ ಭಾನುವಾರಗಳೆಲ್ಲ ಅದಕ್ಕೇ ಹೋದವು. ಅಕ್ಕ ತಗಡನ್ನು ಅಲುಗಾಡದಂತೆ ಒತ್ತಿ ಹಿಡಿಯುತ್ತಿದ್ದಳು, ಅಪ್ಪ ಉಸಿರು ಬಿಗಿಹಿಡಿದು ಉಕ್ಕಿನ ಕಡ್ಡಿಯಿಂದ ಗೆರೆ ಕೊರೆಯುತ್ತಿದ್ದ. ಒಂದು ಸಲ ಅಕ್ಕನಿಗೆ ಸೀನು ಬಂತು. ಕಡ್ಡಿ ಜಾರಿ ತಟ್ಟೆಯ ನಟ್ಟನಡುವೆ ಒಂದು ಗೀರು ಬಿತ್ತು. ಅಕ್ಕ ಅತ್ತಳು, ಅಪ್ಪ ನಕ್ಕ. ಅಂಕಿಗಳನ್ನು ಅಪ್ಪ ಕನ್ನಡದಲ್ಲಿ ಕೊರೆದ. ಕೆಳಗೆ ಪುಟ್ಟದಾಗಿ ೧೩ ಎಂದು ಬರೆದ. ಅದು ಬೆಂಗಳೂರಿನ ಅಕ್ಷಾಂಶ. ತಗಡು ದಪ್ಪವಾಗಿದ್ದರಿಂದ ಬಟ್ಟಲಿನಲ್ಲಿ ಎರಡು ತಟ್ಟೆ ಹಿಡಿಯುತ್ತಿರಲಿಲ್ಲ. ಹಳೆಯ ತಟ್ಟೆ ಟ್ರಂಕಿಗೆ ಹೋಯಿತು.

ನಿಜ ಹೇಳುತ್ತೇನೆ, ನನಗೆ ಅಪ್ಪನ ತಟ್ಟೆ ಹಿಡಿಸಲಿಲ್ಲ. ಹಳೆಯದರ ಮೇಲೆ ಬಳ್ಳಿ ಹಬ್ಬಿದಂತೆ ಪಾರಸಿ ಅಕ್ಷರಗಳಿದ್ದವು, ಹುಣಸೆಹಣ್ಣು ಹಾಕಿ ತಿಕ್ಕಿದರೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಅಪ್ಪನದು ಮಂಕು, ಮೇಲೆ ಗೀರು ಬೇರೆ. ನನಗೆ ಆಗ ಅಪ್ಪನ ಬಹಳಷ್ಟು ಸಂಗತಿಗಳು ಹಿಡಿಸುತ್ತಿರಲಿಲ್ಲ. ಶಾಲೆಯಲ್ಲಿ ಹುಡುಗರು ಅವನ ಮಾತನ್ನು ಅಣಕಿಸುತ್ತಿದ್ದರು. “ಏನ್ರೀ, ಎಲ್ಲಿಗ್ ಹೊಂಟೀರಿ?” ಎಂದು ರಾಗ ಎಳೆದು ನಗುತ್ತಿದ್ದರು. ನಾನು ಅವರೆದುರು ಬೆಂಗಳೂರಿನವನ ಹಾಗೆಯೇ ಮಾತಾಡುತ್ತಿದ್ದೆ. ಅವರ ಬಾಯಿ ಮುಚ್ಚಿಸಬೇಕೆಂದೇ ಒಂದು ದಿನ ಜಂಬ ಕೊಚ್ಚಿದೆ: ನಮ್ಮ ಮನೆಯಲ್ಲಿ ಸುಲ್ತಾನರ ಕಾಲದ ಬಂಗಾರದಂಥ ಯಂತ್ರ ಇದೆ, ಸೂರ್ಯನನ್ನು ಹಿಡಿದು ಗಂಟೆ ಹೇಳುತ್ತದೆ! ಮಾತು ವಿಜ್ಞಾನದ ಮೇಷ್ಟ್ರ ಕಿವಿಗೆ ಬಿತ್ತು. “ನಿಮ್ಮಪ್ಪನ್ನ ಕರ್ಕೊಂಡ್ ಬಾರೋ, ನಮ್ಮ ವಿಜ್ಞಾನ ಪ್ರದರ್ಶನದಲ್ಲಿ ತೋರಿಸ್ಲಿ,” ಎಂದರು.

ಡಿಸೆಂಬರ್ ತಿಂಗಳು. ಅಪ್ಪ ರಜೆ ಹಾಕಿ, ಬಿಳಿ ಅಂಗಿ ತೊಟ್ಟು, ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಅಕ್ಕ ಬಚ್ಚಲಿನಲ್ಲಿದ್ದಳು, ಅವಳಿಗೆ ನೀರು ಸೇದಲು ಅಪ್ಪ ಬಾವಿಗೆ ಹೋಗಿದ್ದ. ಕೋಣೆಯಲ್ಲಿ ನಾನೊಬ್ಬನೇ. ಬಂಗಾರದಂಥದ್ದು ಎಂದು ಹೇಳಿಬಿಟ್ಟಿದ್ದೆನಲ್ಲ, ಈ ಗೀರು ಬಿದ್ದ ತಟ್ಟೆ ನೋಡಿದರೆ ಹುಡುಗರು ಏನೆಂದಾರು? ಕುದುರೆ ಎಳೆದೆ. ಜಾಲರಿ ಎತ್ತಿದೆ. ಅಪ್ಪನ ತಟ್ಟೆ ತೆಗೆದು, ಟ್ರಂಕಿನಿಂದ ಹಳೆಯದನ್ನು ತಂದು ಕೂರಿಸಿದೆ. ಮತ್ತೆ ಬಟ್ಟೆ ಸುತ್ತಿದೆ. ಅಷ್ಟರಲ್ಲಿ ಅಪ್ಪನ ಹೆಜ್ಜೆ ಕೇಳಿಸಿತು, ಟ್ರಂಕಿಗೆ ಹಾಕಲು ಹೊತ್ತು ಸಾಲದೆ ಅವನ ತಟ್ಟೆಯನ್ನು ನನ್ನ ಪುಸ್ತಕದ ಚೀಲದೊಳಗೆ ತುರುಕಿದೆ.

ಶಾಲೆಯ ಅಂಗಳದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಮಕ್ಕಳೆಲ್ಲ ಸುತ್ತ ಕೂತಿದ್ದೆವು. ಅಪ್ಪ ಮೊದಮೊದಲು ತಡವರಿಸಿದ. ಆಮೇಲೆ ಗ್ರೀಕರು, ಅರಬ್ಬರು ಎನ್ನುತ್ತಾ ಎಷ್ಟು ಚೆನ್ನಾಗಿ ಹೇಳಿದನೆಂದರೆ ಅಣಕಿಸುತ್ತಿದ್ದ ಹುಡುಗರೂ ಬಾಯಿ ಬಿಟ್ಟುಕೊಂಡು ಕೇಳಿದರು. “ಸೂರ್ಯಾನ್ನ ನೋಡಬ್ಯಾಡ್ರಿ, ಅವನ ಬೆಳಕು ನೋಡ್ರಿ,” ಎಂದು ಬಟ್ಟೆ ಬಿಚ್ಚಿ, ಉಂಗುರವನ್ನು ಹೆಬ್ಬೆರಳಿಗೆ ತೂಗಿ, ಹಿಂಬದಿಯನ್ನು ತನ್ನ ಕಡೆ ಮಾಡಿಕೊಂಡ. ಅಲ್ಲೊಂದು ತಿರುಗುವ ಪಟ್ಟಿ, ಅದರ ಎರಡೂ ತುದಿಯಲ್ಲಿ ಸಣ್ಣ ತೂತು. ಮೇಲಿನ ತೂತಿನಿಂದ ಬಂದ ಬೆಳಕಿನ ಚುಕ್ಕೆ ಕೆಳಗಿನ ತೂತಿನ ಮೇಲೆ ಸರಿಯಾಗಿ ಬಿತ್ತು. “ಐವತ್ತಮೂರು ಡಿಗ್ರಿ. ಸೂರ್ಯ ಈಗ ಅಷ್ಟ ಎತ್ತರದಾಗ ಅದಾನ. ಈಗ ಟೈಮ ತಗೀತೀನಿ,” ಎಂದು ಯಂತ್ರವನ್ನು ತಿರುಗಿಸಿದ.

ಅವನ ಕೈ ಅಲ್ಲಿಯೇ ನಿಂತಿತು. ತಟ್ಟೆಯ ಮೇಲೆ ಪಾರಸಿ ಬಳ್ಳಿ ಹೊಳೆಯುತ್ತಿತ್ತು.

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ. ಹುಡುಕುವವನ ಹಾಗೆ ನೋಡಿದ. ನಾನು ತಲೆ ತಗ್ಗಿಸಿ ನೆಲದ ಮೇಲೆ ಇರುವೆಗಳ ಸಾಲು ನೋಡತೊಡಗಿದೆ.

ಮೇಷ್ಟ್ರು ಕೈಗಡಿಯಾರ ನೋಡಿಕೊಂಡು, “ಹೇಳಿ, ಎಷ್ಟ್ ಗಂಟೆ?” ಎಂದರು. ಅವರೇ ಯಂತ್ರ ಈಸಿಕೊಂಡು, ಅಪ್ಪ ಹೇಳಿಕೊಟ್ಟಿದ್ದಂತೆ ಜಾಲರಿ ತಿರುಗಿಸಿದರು. ಬಳೆಯ ಮೇಲೆ ಆ ದಿನದ ಸೂರ್ಯನ ಗುರುತು ಎತ್ತರದ ಗೆರೆಗಳನ್ನು ಏರಿತು, ಏರಿತು, ಐವತ್ತರ ಹತ್ತಿರ ಬಂದು ಮತ್ತೆ ಇಳಿಯಿತು. ಐವತ್ತಮೂರನ್ನು ಮುಟ್ಟಲೇ ಇಲ್ಲ. ವಿಜಾಪುರದ ಡಿಸೆಂಬರಿನಲ್ಲಿ ಸೂರ್ಯ ಅಷ್ಟು ಎತ್ತರಕ್ಕೆ ಹೋಗುವುದೇ ಇಲ್ಲ. “ಏನ್ರೀ ಇದು, ಹನ್ನೆರಡಕ್ಕೆ ಹದಿನೈದ್ ನಿಮಿಷ ಇದೆ, ನಿಮ್ಮ ಯಂತ್ರದಲ್ಲಿ ಇಂಥಾ ಸೂರ್ಯನೇ ಇಲ್ವಲ್ಲ!” ಎಂದರು ಮೇಷ್ಟ್ರು. ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಹಿಂದಿನಿಂದ ಯಾರೋ “ಸೂರ್ಯ ಎಲ್ಲಿಗ್ ಹೊಂಟೀರಿ?” ಎಂದು ಕೂಗಿದ. ನಗು ಇನ್ನೂ ಜೋರಾಯಿತು.

ಅಪ್ಪನ ತಟ್ಟೆ ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ಅದರ ಅಂಚು ಬಟ್ಟೆಯ ಮೂಲಕ ನನ್ನ ಮೊಣಕಾಲಿಗೆ ಒತ್ತುತ್ತಿತ್ತು. ಎದ್ದು ನಿಂತು ‘ಸಾರ್, ತಟ್ಟೆ ನನ್ನ ಚೀಲದಲ್ಲಿದೆ’ ಎಂದಿದ್ದರೆ ಆಗಿಹೋಗುತ್ತಿತ್ತು. ನಾಲ್ಕೇ ನಾಲ್ಕು ಮಾತು. ಅಪ್ಪ ಕಣ್ಣು ಮಿಟುಕಿಸುವಷ್ಟರಲ್ಲಿ ತಟ್ಟೆ ಬದಲಿಸಿ ಸರಿಯಾದ ಹೊತ್ತು ಹೇಳುತ್ತಿದ್ದ. ನಾನು ಏಳಲಿಲ್ಲ. ಅಷ್ಟೇ ಆಗಿದ್ದರೆ ಹೆದರಿಕೆ ಎನ್ನಬಹುದಿತ್ತು. ಪಕ್ಕದ ಹುಡುಗ ನನ್ನ ಮುಖ ನೋಡಿದಾಗ ನಾನೂ ನಕ್ಕೆ. ಎಲ್ಲರ ಜೊತೆ ಸೇರಿ, ನನ್ನ ಅಪ್ಪನನ್ನು ನೋಡಿ ನಕ್ಕೆ.

“ತಪ್ಪು ನಂದರೀ, ಸರ,” ಎಂದ ಅಪ್ಪ. “ಈ ಊರಿನ ತಟ್ಟಿ ತರೂದು ಮರತು, ಹಳೇದು ತಂದುಬಿಟ್ಟೀನಿ.” ಮೇಷ್ಟ್ರು “ಪರ್ವಾಗಿಲ್ಲ ಬಿಡಿ” ಎಂದು ಮುಂದಿನವರನ್ನು ಕರೆದರು. ಅಪ್ಪ ಯಂತ್ರವನ್ನು ನಿಧಾನವಾಗಿ ಬಟ್ಟೆಯಲ್ಲಿ ಸುತ್ತಿ, ಶಾಲೆ ಬಿಡುವವರೆಗೂ ಬೇವಿನ ಮರದ ಕೆಳಗೆ ನನಗಾಗಿ ಕಾದು ಕೂತ.

ದಾರಿಯುದ್ದಕ್ಕೂ ಅವನು ಬಯ್ಯಲಿಲ್ಲ. ಒಂದೆರಡು ಪೆಟ್ಟು ಕೊಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ಬಿಸಿಲಿಗೆ ನನ್ನ ಚೀಲ ಹೊತ್ತುಕೊಳ್ಳಲು ಕೈ ಚಾಚಿದ, ನಾನು ಕೊಡದೆ ಎದೆಗೆ ಅವಚಿಕೊಂಡೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಊಟದ ಡಬ್ಬಿ ತೊಳೆಯಲು ಚೀಲ ಬಿಚ್ಚಿದ ಅಕ್ಕನ ಕೈಗೆ ತಟ್ಟೆ ಸಿಕ್ಕಿತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. “ಅಪ್ಪಗ ಗೊತ್ತಿಲ್ಲಂತ ತಿಳಕೊಂಡೀಯೇನು?” ಎಂದು ಪಿಸುಗುಟ್ಟಿದಳು. “ಹೋಗು, ನಿನ್ನ ಕೈಲೇ ಕೊಡು. ನಾ ಕೊಡಂಗಿಲ್ಲ.”

ಅಪ್ಪ ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದ. ನಾನು ಎರಡೂ ಕೈಯಲ್ಲಿ ತಟ್ಟೆ ಹಿಡಿದು ಎದುರು ನಿಂತೆ. ಅವನು ತೆಗೆದುಕೊಂಡು, ಆ ಗೀರಿನ ಮೇಲೆ ಹೆಬ್ಬೆರಳು ಆಡಿಸಿದ. “ಇದೊಂದು ಗೆರಿ ಕೆಟ್ಟೈತಿ. ಮಂದಿ ಮುಂದ ತೋರಸಾಕ ನಿನಗ ನಾಚಿಕಿ ಆಗಿರಬೇಕು, ಖರೇನ,” ಎಂದ. ಅದನ್ನು ತನ್ನದೇ ತಪ್ಪು ಎನ್ನುವಂತೆ ಹೇಳಿದ. ತಪ್ಪಾಯಿತು ಎನ್ನಲು ಹೋದರೆ ಅಳು ಬಂತು.

“ಅಳಬ್ಯಾಡ. ಸೂರ್ಯ ಇನ್ನೂ ಅದಾನ, ಬಾ,” ಎಂದು ತಟ್ಟೆ ಬದಲಿಸಿ ಯಂತ್ರವನ್ನು ನನ್ನ ಹೆಬ್ಬೆರಳಿಗೆ ತೂಗಿದ. ಕೆಳಗಿನಿಂದ ಅವನ ಒರಟು ಕೈ ಆಸರೆಯಾಗಿ ಹಿಡಿದಿತ್ತು. ಚುಕ್ಕೆ ತೂತಿನ ಮೇಲೆ ಬಿತ್ತು. ಜಾಲರಿ ತಿರುಗಿಸಿದೆ. ಸೂರ್ಯನ ಗುರುತು ಅಪ್ಪ ಕೊರೆದ ಬಾಗಿದ ಗೆರೆಯ ಮೇಲೆ ಬಂದು ಸರಿಯಾಗಿ ಕೂತಿತು. “ಈಗ ಕಾಲು ತಾಸು ಕೂಡಸು. ಸೂರ್ಯಾನ ಹೊತ್ತಿಗೂ ಗಡಿಯಾರದ ಹೊತ್ತಿಗೂ ಇಲ್ಲಿ ಇವತ್ತ ಅಷ್ಟು ಫರಕ ಐತಿ.” ಕೂಡಿಸಿ, ಐದು ಗಂಟೆ ಎಂದೆ. ರಾಗಿ ಕೂಳೆಯ ಮೇಲೆ ಗಾಳಿ ಬೀಸುತ್ತಿತ್ತು. ನಾಲ್ಕು ಉಸಿರು ಎಳೆಯುವಷ್ಟರಲ್ಲಿ ಯಶವಂತಪುರದ ಕಡೆಯಿಂದ ಅಪ್ಪನ ಕಾರ್ಖಾನೆಯ ಐದು ಗಂಟೆಯ ಸೈರನ್ ಕೂಗಿತು.

ಅಪ್ಪ ನಕ್ಕ. ಶಾಲೆಯಲ್ಲಿ ಕೇಳಬೇಕಾಗಿದ್ದ ಚಪ್ಪಾಳೆ ಆ ಹಿತ್ತಲಿನಲ್ಲಿ ಅಕ್ಕನೊಬ್ಬಳೇ ತಟ್ಟಿದಳು. ಅಪ್ಪ ಮತ್ತೆಂದೂ ನಮ್ಮ ಶಾಲೆಗೆ ಬರಲಿಲ್ಲ. ನಾನು ಕರೆಯಲೂ ಇಲ್ಲ.

ಈಗ ನಾನು ಮೊಮ್ಮಕ್ಕಳ ಜೊತೆ ಬೆಂಗಳೂರಿನದೇ ಅಟ್ಟೂರಿನಲ್ಲಿ, ಒಂದು ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಿದ್ದೇನೆ. ಅವರು ಫೋನನ್ನು ಮೇಲಕ್ಕೆ ಹಿಡಿದರೆ ಸಾಕು, ಚಾವಣಿಯಾಚೆ ಯಾವ ನಕ್ಷತ್ರ ಇದೆ ಎಂದು ಅದೇ ಹೇಳುತ್ತದೆ. ನಾವು ಯಾವ ಊರಲ್ಲಿದ್ದೇವೆ ಎಂದೂ ಅದಕ್ಕೆ ಗೊತ್ತು, ಊರು ಬದಲಾದರೆ ಯಾರೂ ಆರು ತಿಂಗಳು ಕೂತು ತಟ್ಟೆ ಕೊರೆಯಬೇಕಿಲ್ಲ. ಒಳ್ಳೆಯದೇ, ನನಗೇನೂ ಹೊಟ್ಟೆಕಿಚ್ಚಿಲ್ಲ. ನಮ್ಮ ಬಾಲ್ಕನಿಯಿಂದ ಕಾಣುವ ತುಂಡು ಆಕಾಶದಲ್ಲಿ ರೋಹಿಣಿ, ಸ್ವಾತಿಗಳನ್ನು ಹುಡುಕುವುದೇ ಕಷ್ಟ, ಫೋನು ಹೇಳಿದರೆ ನಾನೂ ಕತ್ತು ಚಾಚಿ ನೋಡುತ್ತೇನೆ.

ಮೊನ್ನೆ ಮೊಮ್ಮಗಳು ಯಂತ್ರವನ್ನು ತನ್ನ ಶಾಲೆಯಲ್ಲಿ ತೋರಿಸಬೇಕೆಂದು ಹಟ ಹಿಡಿದಳು. ಜಾಲರಿಯೊಳಗೆ ಇಣುಕಿ, “ತಾತ, ಇದು ಗೀಚ್ಹೋಗಿದೆ. ಆ ಡಿಸೈನ್ ಇರೋ ಪ್ಲೇಟ್ ಹಾಕ್ಕೊಡಿ, ಚೆನ್ನಾಗಿರತ್ತೆ,” ಎಂದಳು. ಅವಳ ತಪ್ಪೇನಿಲ್ಲ, ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ಅರವತ್ತು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದ.

ಶುಕ್ರವಾರ ಅವಳ ಶಾಲೆಗೆ ನಾನೂ ಹೋಗುತ್ತಿದ್ದೇನೆ. ಯಂತ್ರದಲ್ಲಿ ಅಪ್ಪನ ತಟ್ಟೆಯೇ ಇರುತ್ತದೆ, ಗೀರಿನ ಸಮೇತ. ಗ್ರೀಕರ ಕಥೆ, ಅರಬ್ಬರ ಕಥೆ ಎಲ್ಲ ಅಪ್ಪನ ಮಾತಿನಲ್ಲೇ ಹೇಳುತ್ತೇನೆ, ನಗುವವರು ನಗಲಿ. ಆದರೆ ಅದಕ್ಕೂ ಮೊದಲು ಮಕ್ಕಳೆಲ್ಲರ ಎದುರು ಎದ್ದು ನಿಂತು, ಅವತ್ತು ಹೇಳದೆ ಉಳಿಸಿಕೊಂಡ ಆ ನಾಲ್ಕು ಮಾತನ್ನು ಹೇಳಿಬಿಡುತ್ತೇನೆ.