ಅಳಿಯಂದಿರ ಎರಡು ಅಳತೆಯ ಮಂಡಿ

ನಮ್ಮ ಅಳಿಯಂದಿರು ಟೈಲ್ಸ್ ಮೇಸ್ತ್ರಿ. ಇಪ್ಪತ್ತೆರಡು ವರ್ಷದಿಂದ ಕಂಡವರ ಮನೆಯಲ್ಲಿ ಮಂಡಿಯೂರಿ ನೆಲ ಸಮ ಮಾಡಿದವರು. ನಲವತ್ತಾರನೆಯ ವಯಸ್ಸಿನಲ್ಲಿ ಅವರಿಗೆ ಗುಡ್ಡದ ಸೈಕಲ್ಲಿನ ಹುಚ್ಚು ಹಿಡಿಯಿತು. ಕಲ್ಲು, ಬೇರು, ಕೊರಕಲು ಇದ್ದಷ್ಟೂ ಖುಷಿ. ಸಮ ನೆಲ ಅಷ್ಟು ಬೇಜಾರಾಗಿತ್ತೋ ಏನೋ.

ಭಾನುವಾರ ಗುಡ್ಡ ಇಳಿಯುವ ಪಂದ್ಯ. ಹೆಸರು ಕೊಟ್ಟಾಗಿತ್ತು. ಬುಧವಾರ ಅಭ್ಯಾಸಕ್ಕೆ ಹೋದವರು ಕುಂಟುತ್ತ ಬಂದರು. ಕೆಲಸಕ್ಕೆ ಕಟ್ಟಿಕೊಳ್ಳುವ ಮಂಡಿ ಪ್ಯಾಡನ್ನೇ ಕಟ್ಟಿಕೊಂಡು ಹೋಗಿದ್ದರಂತೆ. ಅದು ನೆಲಕ್ಕೂರಿ ಕೂರುವುದಕ್ಕೆ ಮಾಡಿದ್ದು. ಪೆಡಲ್ ತುಳಿದಂತೆಲ್ಲ ಜಾರಿ ಪಾದದ ಮೇಲೆ ಕೂತಿತ್ತು. ಬಿದ್ದಾಗ ಪಾದಕ್ಕೆ ಒಂದು ಗೀರೂ ಇಲ್ಲ, ಮಂಡಿ ಮಾತ್ರ ತರಚಿತ್ತು.

ಮಗಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಮಂಡಿ ಹೋದ್ರೆ ಕೆಲ್ಸಕ್ಕೆ ಯಾರ್ರೀ ಹೋಗೋದು, ನಿಮ್ ಸೈಕಲ್ಲಾ? ಐವತ್ತು ಬಸ್ಕಿ ಹೊಡೆದ್ರೂ ಜಾರದೇ ಇರೋ ಪ್ಯಾಡ್ ತನ್ನಿ. ಜಾರ್ತೋ, ಭಾನುವಾರ ಮನೇಲೇ ಬಿದ್ಕೊಂಡಿರಿ."

"ಅತ್ತೆ, ನೀವಾದ್ರೂ ಹೇಳಿ!"

"ಅಳತೆ ತಗೊಳ್ಳೋಣ ಬನ್ನಿ," ಎಂದೆ.

ನಾನು ಮೂವತ್ತೊಂಬತ್ತು ವರ್ಷ ಬಟ್ಟೆ ಹೊಲಿದವಳು. ತೋಳಿನ ಅಳತೆಯನ್ನು ಕೈ ಮಡಚಿಸಿ ತೆಗೆಯಬೇಕು, ಇಲ್ಲದಿದ್ದರೆ ಹೊಲಿಗೆ ಬಿಡುತ್ತದೆ. ಹಾಗೆಯೇ ಅಳಿಯಂದಿರನ್ನು ಸೈಕಲ್ ಮೇಲೆ ಕೂರಿಸಿ, ಕಾಲು ಮಡಚಿಸಿ ಟೇಪು ಹಿಡಿದೆ. ಎಡಮಂಡಿ ಹದಿನೈದು ಇಂಚು. ಬಲಮಂಡಿ ಹದಿನಾರೂ ಕಾಲು. ಮೂರು ಸಲ ಅಳೆದರೂ ಅಷ್ಟೇ. ಸದಾ ಬಲಮಂಡಿಯ ಮೇಲೆ ಭಾರ ಹಾಕಿ ಟೈಲ್ಸ್ ಕೂರಿಸುವವರು, ಅದು ದಪ್ಪಗಾಗಿತ್ತು.

ಶುಕ್ರವಾರ ಮೂವರೂ ಸೈಕಲ್ ಅಂಗಡಿಗೆ ಹೋದೆವು. ಅಳಿಯಂದಿರು ಮಧ್ಯಮ ಅಳತೆಯ ಪ್ಯಾಡ್ ಹಾಕಿಕೊಂಡು ಅಲ್ಲೇ ಬಸ್ಕಿ ಹೊಡೆಯತೊಡಗಿದರು. ಮಗಳು ಜೋರಾಗಿ ಎಣಿಸಿದಳು. ಪಕ್ಕದಲ್ಲಿದ್ದ ಗಿರಾಕಿಯೊಬ್ಬರು ನನ್ನ ಕಿವಿಯಲ್ಲಿ, "ಏನ್ ತಪ್ಪು ಮಾಡಿದ್ರಮ್ಮ ಪಾಪ?" ಎಂದರು.

"ಏನಿಲ್ಲಪ್ಪ, ನನ್ನಳಿಯ," ಎಂದೆ.

ಹನ್ನೆರಡನೆಯ ಬಸ್ಕಿಗೆ ಪ್ಯಾಡ್ ಬಿಗಿದು ಬಲಗಾಲು ಜೋಮು ಹಿಡಿಯಿತು. ದೊಡ್ಡ ಅಳತೆ ಹಾಕಿದರೆ ಎಡಗಡೆಯದು ಜಾರಿತು.

"ಎಡಕ್ಕೆ ಮಧ್ಯಮದ್ದು, ಬಲಕ್ಕೆ ದೊಡ್ಡದು ಕೊಡಿ," ಎಂದೆ.

"ಜೋಡಿ ಒಡೆಯೋಕಾಗಲ್ಲಮ್ಮ," ಎಂದರು ಅಂಗಡಿಯವರು.

"ನಾವಿಬ್ರೂ ಜೋಡೀನೇ. ಅಳತೆ ಎಲ್ಲಿ ಒಂದಿದೆ?" ಎಂದಳು ಮಗಳು.

ಅಂಗಡಿಯವರು ಜಗ್ಗಲಿಲ್ಲ. ಅಳಿಯಂದಿರು ಸೋತು ಅಲ್ಲೇ ಮಂಡಿಯೂರಿ ಕೂತರು. ಕೂತವರು ಅಭ್ಯಾಸಬಲದಿಂದ ಬೆರಳಿನಲ್ಲಿ ನೆಲ ತಟ್ಟಿದರು. ಪಕ್ಕದಲ್ಲೂ ತಟ್ಟಿದರು. ಮುಖ ಅರಳಿತು.

"ಟೊಳ್ಳು!"

"ಯಾರಿಗ್ರೀ ಟೊಳ್ಳು ಅಂತೀರಿ?" ಎಂದರು ಅಂಗಡಿಯವರು.

"ನಿಮ್ ಟೈಲ್ಸಿಗೆ ಸ್ವಾಮಿ. ನಾಲ್ಕು ಟೊಳ್ಳಿವೆ, ಅಡೀಲಿ ಸಿಮೆಂಟೇ ತುಂಬಿಲ್ಲ. ಭಾರ ಬಿದ್ರೆ ಒಡೀತವೆ. ನಾನು ಇವನ್ನ ಸರಿಯಾಗಿ ಕೂರಿಸ್ಕೊಡ್ತೀನಿ, ನೀವು ಜೋಡಿ ಒಡೀರಿ."

ಅಂಗಡಿಯವರೂ ಬಗ್ಗಿ ತಟ್ಟಿ ನೋಡಿದರು. ಎದ್ದು ಎರಡು ಡಬ್ಬಿ ಒಡೆದರು.

ಶನಿವಾರ ಬೆಳಿಗ್ಗೆ ಟೈಲ್ಸ್ ಕೂತವು. ಸಂಜೆ ನಮ್ಮ ಅಂಗಳದಲ್ಲಿ ಐವತ್ತು ಬಸ್ಕಿ. ಮಗಳು ಒಂದನ್ನೂ ಬಿಡದೆ ಎಣಿಸಿದಳು. ಎರಡು ಪ್ಯಾಡೂ ಒಂದು ನೂಲಿನಷ್ಟೂ ಕದಲಲಿಲ್ಲ. "ಹೋಗ್ಬನ್ನಿ," ಎಂದಳು.

ಭಾನುವಾರ ಎದ್ದರೆ ಅಳಿಯಂದಿರ ತೊಡೆ ಎರಡೂ ಹಿಡಿದುಕೊಂಡಿದ್ದವು. ಸೈಕಲ್ ಮೇಲೆ ಕಾಲು ಹಾಕಲು ಆಗದು. ಗುಡ್ಡದ ತುದಿಯಲ್ಲಿ ಮಗಳು ಒಂದು ಕಾಲು, ನಾನು ಒಂದು ಕಾಲು ಎತ್ತಿ ಕೂರಿಸಿದೆವು.

"ಇಳಿಯೋದು ಹೆಂಗ್ರೀ?" ಎಂದಳು ಮಗಳು.

"ಗುಡ್ಡ ತಾನೇ ಇಳಿಸುತ್ತೆ ಬಿಡೇ!"

ಇಳಿಸಿತು. ನಡುವೆ ಬಂಡೆಯೊಂದಕ್ಕೆ ಬಲಮಂಡಿ ಬಡಿಯಿತಂತೆ. ಪ್ಯಾಡಿಗೆ ಗೀರು ಬಿತ್ತು, ಮಂಡಿಗೆ ಏನೂ ಆಗಲಿಲ್ಲ. ಆದರೆ ಗುಡ್ಡ ಇಳಿದರೂ ಅವರಿಗೆ ಸೈಕಲ್ಲಿನಿಂದ ಇಳಿಯಲಾಗಲಿಲ್ಲ. ನಾವಿಬ್ಬರೂ ನಡೆದು ಕೆಳಗೆ ಬರಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅಳಿಯಂದಿರು, ನಿಲ್ಲಿಸಿದರೆ ಬೀಳುವ ಭಯಕ್ಕೆ, ಪಂದ್ಯದ ಕೊನೆಗೆ ಬಾವುಟ ಹಿಡಿದು ನಿಂತವರ ಸುತ್ತ ಸುತ್ತು ಹೊಡೆಯುತ್ತ, "ಇನ್ನೇನ್ ಬಂದ್ರು, ನಮ್ಮೋರು ಬಂದ್ರು," ಎನ್ನುತ್ತಿದ್ದರಂತೆ.