ಹೊತ್ತು ಮುಳುಗದ ಊರಿನಲ್ಲಿ ಒಂದು ಊಟ

ನನ್ನ ಹೆಂಡತಿ ಬೆಳಗಾವಿ ಕಡೆಯ ಜೈನರ ಮಗಳು. ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗೆ ಹಾಕುವವಳಲ್ಲ. ಡನೀಡಿನ್‌ನಲ್ಲಿ ಓದುವಾಗಲೇ ಇದು ನನಗೆ ಗೊತ್ತಿತ್ತು. ಮೈಸೂರಿನವನಾದ ನಾನು ರಾತ್ರಿ ಹತ್ತಕ್ಕೆ ಅನ್ನ ಕಲಸುತ್ತಿದ್ದರೆ, ಫ್ಲ್ಯಾಟ್‌ಮೇಟ್ ಆಗಿದ್ದ ಅವಳು ಸುಮ್ಮನೆ ಎದುರಿಗೆ ಕೂತು ಹರಟುತ್ತಿದ್ದಳು.

ಮದುವೆಯಾಗಿ ಅದೇ ದೇಶದ ಹೆಂಡರ್ಸನ್ ಬಡಾವಣೆಗೆ ಬಂದ ಮೇಲೆ ಫಜೀತಿ ಶುರುವಾಯಿತು. ಭೂಮಿಯ ದಕ್ಷಿಣದ ಈ ದೇಶದಲ್ಲಿ ಬೇಸಿಗೆ ಬರುವುದು ಡಿಸೆಂಬರಿಗೆ. ಆಗ ತೊಂದರೆಯಿಲ್ಲ, ಸೂರ್ಯ ನಾನು ಮನೆ ಸೇರುವ ತನಕ ಕಾಯುತ್ತಾನೆ. ಜೂನ್ ಬಂತೆಂದರೆ ಚಳಿಗಾಲ, ಐದಕ್ಕೆಲ್ಲ ಕತ್ತಲು. ನಾನಿನ್ನೂ ಊರಿನ ಆಚೆ ತುದಿಯ ಈಸ್ಟ್ ತಮಾಕಿಯ ಆಫೀಸಿನಲ್ಲಿ, ಇಲ್ಲವೇ ಮೋಟರ್‌ವೇ ಟ್ರಾಫಿಕ್ಕಿನಲ್ಲಿ ಹಲ್ಲು ಕಡಿಯುತ್ತಾ ಇರುತ್ತಿದ್ದೆ. ಒಬ್ಬನೇ ಉಣ್ಣುವುದೆಂದರೆ ನನಗೆ ಆಗಿಬರುವುದಿಲ್ಲ. ಚಿಕ್ಕ ಮಕ್ಕಳ ಹಾಗೆ ಮುಖ ಊದಿಸಿಕೊಳ್ಳುತ್ತೇನೆ. ಚಳಿಗಾಲ ಪೂರ್ತಿ ಹಾಗೇ ಕಳೆಯುತ್ತಿತ್ತು.

ಹತ್ತು ವರ್ಷದ ಹಿಂದಿನ ಮಾತು. ಒಂದು ಜೂನ್‌ನಲ್ಲಿ, ಕೂಡಿಟ್ಟ ರಜೆಯನ್ನೆಲ್ಲ ಸುರಿದು ಅವಳನ್ನು ನಾರ್ವೆಯ ಉತ್ತರದ ತುದಿಗೆ ಕರೆದೊಯ್ದೆ. ಅಲ್ಲಿ ಆಗ ಬೇಸಿಗೆ, ಸೂರ್ಯ ಮುಳುಗುವುದೇ ಇಲ್ಲ. ನಿಜವಾದ ಕಾರಣ ಅವಳಿಗೆ ಹೇಳಿರಲಿಲ್ಲ. ಮಧ್ಯರಾತ್ರಿಯ ಸೂರ್ಯನನ್ನು ನೋಡುವ ಆಸೆ ಎಂದಷ್ಟೇ ಹೇಳಿದ್ದೆ.

ಸಮುದ್ರದ ದಂಡೆಯಲ್ಲಿ ಮರದ ಪುಟ್ಟ ಬಾಡಿಗೆ ಮನೆ. ಮೊದಲ ರಾತ್ರಿ ಹನ್ನೆರಡಕ್ಕೆ ಸೂರ್ಯ ನೀರಿಗಿಂತ ಒಂದು ಮೊಳ ಮೇಲೆ ನಿಂತು, ಮುಳುಗಲೋ ಬೇಡವೋ ಎಂದು ಯೋಚಿಸುತ್ತಿದ್ದ. ಕಿಟಕಿಯ ಪರದೆ ಸರಿಸಿ ಎರಡು ತಟ್ಟೆ ಇಟ್ಟೆ. ಅವಳೇ ಕಟ್ಟಿಕೊಂಡು ತಂದ ಖಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ, ಅಲ್ಲೇ ಕೊಂಡ ಮೊಸರು.

“ಏನಿದು? ನಡುರಾತ್ರಿ ಆಗೇತಿ,” ಎಂದಳು.

“ರಾತ್ರಿ ಎಲ್ಲಿದೆ, ತೋರಿಸು ನೋಡೋಣ. ನೀನು ಹೊತ್ತು ನೋಡಿ ತಾನೇ ಉಣ್ಣೋದು, ಗಡಿಯಾರ ನೋಡಿ ಅಲ್ವಲ್ಲ?”

ಅವಳು ಕಿಟಕಿ ನೋಡಿದಳು, ತಟ್ಟೆ ನೋಡಿದಳು. ಬೇಡವೆಂದರೆ ಬಲವಂತ ಮಾಡುವವನು ನಾನಲ್ಲ. “ನಮ್ಮವ್ವ ಕೇಳಿದ್ರ ಏನ ಹೇಳ್ಲಿ?” ಎಂದು ತನ್ನಷ್ಟಕ್ಕೆ ಗೊಣಗಿದಳು. ಆಮೇಲೆ ನಕ್ಕು, ಕುರ್ಚಿ ಎಳೆದು ಕೂತು, ರೊಟ್ಟಿ ಮುರಿದಳು.

ಅವಳು ಉಣ್ಣುವುದನ್ನು ನೋಡಿಯೇ ನನಗೆ ಹೊಟ್ಟೆ ತುಂಬಿತು. ಎಂಥಾ ಖುಷಿ ಅದು! ಆ ಖುಷಿಯಲ್ಲಿ ನಿಜ ಬಾಯಿಬಿಟ್ಟೆ. ಜೂನ್ ತಿಂಗಳಲ್ಲಿ ಇಬ್ಬರೂ ಎದುರುಬದುರು ಕೂತು ಉಣ್ಣಬೇಕು ಅನ್ನುವುದಕ್ಕೇ ಇಷ್ಟೆಲ್ಲ ಮಾಡಿದ್ದು ಎಂದೆ.

ಅವಳು ಅಗಿಯುವುದನ್ನು ನಿಲ್ಲಿಸಿದಳು.

“ಅಲ್ಲೋ, ಇದಕ್ಕ ಭೂಮಿ ತುದಿ ತನಕ ಕರಕೊಂಡ ಬಂದ್ಯಾ? ಒಂದಿನಾರ ನಾಕಕ್ಕ ಮನಿಗೆ ಬರಬೇಕಿತ್ತು. ನಾನೂ ಒಬ್ಬಾಕೀನ ಉಣ್ತಿದ್ನಲ್ಲೋ.”