ಸೋಪಿನ ಡಬ್ಬಿಯಲ್ಲಿ ಬತ್ತಿ

ಸ್ನೇಹಿತರೇ, ಇವತ್ತಿನ ಕತೆ ಕೇಳಿ. ಬೆಳಿಗ್ಗೆ ಗುಬ್ಬಿಯಿಂದ ಕಡಬಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ತಗಡು ತಗುಲಿ ಪಕ್ಕದ ಅಜ್ಜನ ಅಂಗೈ ಸೀಳಿಹೋಯಿತು. ರಕ್ತ ಸುರಿಯುತ್ತಿತ್ತು. ಇಂಥದ್ದಕ್ಕೆಂದೇ ಸದಾ ಚೀಲದಲ್ಲಿಟ್ಟುಕೊಳ್ಳುವ ಸೋಪಿನ ಡಬ್ಬಿಯನ್ನು ಜಂಬದಿಂದಲೇ ತೆರೆದೆ. ಟಿಂಚರ್ ಇತ್ತು, ಬ್ಯಾಂಡೇಜು ಇತ್ತು. ಹತ್ತಿಯಷ್ಟೂ ಸಾಲಾಗಿ ದೀಪದ ಬತ್ತಿಗಳಾಗಿ ಮಲಗಿತ್ತು.

ಅಜ್ಜ ಇಣುಕಿ ನೋಡಿ, "ಇನ್ನೂ ಜೀವ ಐತೆ ಕಣಪ್ಪ, ತಲೆದೆಸೆಗೆ ದೀಪ ಇಡಬ್ಯಾಡ" ಅಂದ.

ನಾನು ಬತ್ತಿಗಳನ್ನೇ ಬಿಡಿಸಿ ಗಾಯಕ್ಕೆ ಒತ್ತಿ ಕಟ್ಟಿದೆ.

ಮನೆಗೆ ಬಂದು ಕೇಳಿದರೆ ಅಮ್ಮ, "ಅಂಥಾ ಬಿಳೀ ಹತ್ತೀನ ರಕ್ತ ಒರೆಸೋಕೆ ಇಟ್ಕೊಂಡಿದ್ಯೇನೋ? ದೇವ್ರಿಗೆ ಆಗ್ಲಿ ಅಂತ ಬತ್ತಿ ಹೊಸ್ದಿಟ್ಟೆ" ಅಂದರು.

ಈಗ ಅವರು ಕಾಫಿ ಸೋಸಲು ತೆಳ್ಳನೆಯ ಬಟ್ಟೆ ಹುಡುಕುತ್ತಿದ್ದಾರೆ. ನಾನು ಉಳಿದ ಬ್ಯಾಂಡೇಜಿನ ಮೇಲೆ ಕೂತಿದ್ದೇನೆ.